‘ರೈಟ್’ ಅಂದ್ರೆ ಹೋಗು ಅಂತಾನಾ, ಬಲಗಡೆ ಅಂತಾನಾ?

ನಮ್ಮ ಕಾಲೇಜಿನ ಪಾರ್ಕಿಂಗ್‌ನಲ್ಲಿ ಈಗ ಹೆಲ್ಮೆಟ್‌ಗಳಿಗೆ ಕಿವಿ ಹುಟ್ಟಿವೆ. ಎಡಗೆನ್ನೆಯ ಹತ್ತಿರ ಒಂದು ಕಪ್ಪು ಡಬ್ಬಿ, ಅದರಿಂದ ಒಳಗೆ ನುಗ್ಗಿದ ಸಣ್ಣ ವೈರ್, ಮಿಣಮಿಣ ಅನ್ನೋ ನೀಲಿ ಲೈಟ್. ಇಂಟರ್‌ಕಾಮ್. ಇಬ್ಬರು ಮೂವರು ಬೈಕ್‌ನಲ್ಲಿ ಒಟ್ಟಿಗೆ ಹೋಗುವಾಗ ಮಾತಾಡೋಕೆ. ಕ್ಯಾಂಟೀನಲ್ಲಿ ಇದರ ವಿಷಯ ಬಂದ್ರೆ ಎಲ್ಲರೂ ಕೇಳೋದು ಎರಡೇ ಪ್ರಶ್ನೆ: ಎಷ್ಟಾಯ್ತು? ರೇಂಜ್ ಎಷ್ಟು?

ನಮ್ಮನ್ನೂ ಕೇಳ್ತಾರೆ. ಯಾಕಂದ್ರೆ ನಾವು ಒಮ್ಮೆ ತಗೊಂಡು ಕೈ ಸುಟ್ಟುಕೊಂಡವರು. ಸರಿಯಾಗಿ ಹೇಳಬೇಕಂದ್ರೆ, ಕೈ ಮುರಿದುಕೊಂಡವರು. ಈಗ ಎರಡನೇ ಸಲ ತಗೊಳ್ಳೋಕೆ ದುಡ್ಡು ಸೇರಿಸ್ತಿದ್ದೀವಿ. ಹಾಗಾಗಿ ಈ ವಿಷಯದಲ್ಲಿ ನಮಗೆ ಒಂದು ಅಭಿಪ್ರಾಯ ಇದೆ, ಅದು ಅಂಗಡಿಯವರ ಅಭಿಪ್ರಾಯಕ್ಕಿಂತ ಬೇರೆ. ರೇಂಜನ್ನು ಕೊನೆಗೆ ನೋಡಿ. ಮೊದಲು, ಆ ಡಬ್ಬಿಯೊಳಗೆ ಯಾವ ಮಾತು ಆಡ್ತೀರಿ ಅಂತ ಕೂತು ತೀರ್ಮಾನ ಮಾಡಿ. ಅರ್ಧ ಮಾತಷ್ಟೇ ಕೇಳಿಸಿದರೆ ಏನಾಗುತ್ತೆ ಅಂತಲೂ ಯೋಚಿಸಿ. ಅದಾದ ಮೇಲೆ ದುಡ್ಡು ಬಿಚ್ಚಿ.

ಡಿಸೆಂಬರ್‌ನ ಒಂದು ಭಾನುವಾರ. ನಾಲ್ಕು ಬೈಕು, ಐದು ಜನ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರ್. ನಮ್ಮಲ್ಲೊಬ್ಬನ ಮನೆ ಅಲ್ಲೇ ಇರೋದ್ರಿಂದ ಊಟ ಅಲ್ಲಿ, ಬರುವಾಗ ಕುರುಗೋಡಿಗೆ ಹೋಗಿ ದೊಡ್ಡಬಸವೇಶ್ವರನ್ನ ನೋಡಿಕೊಂಡು ಬರೋದು ಅಂತ ಪ್ಲಾನ್. ಎರಡು ಬೈಕ್‌ಗಳಿಗೆ ಮಾತ್ರ ಇಂಟರ್‌ಕಾಮ್ ಇತ್ತು, ಮುಂದಿನದಕ್ಕೆ ಒಂದು, ಅದರ ಹಿಂದಿನದಕ್ಕೆ ಒಂದು. ಆನ್‌ಲೈನ್‌ನಲ್ಲಿ ಆಫರ್ ಬಂದಾಗ ತಗೊಂಡ ಜೋಡಿ. ಬಾಕ್ಸ್ ಮೇಲೆ ದಪ್ಪ ಅಕ್ಷರದಲ್ಲಿ ‘1000 ಮೀಟರ್’ ಅಂತ ಬರೆದಿತ್ತು. ತೆಕ್ಕಲಕೋಟೆಯಲ್ಲಿ ನಿಂತು ಒಗ್ಗರಣಿ ಮಿರ್ಚಿ ತಿನ್ನೋವರೆಗೂ ಅದು ಬರೀ ಆಟದ ಸಾಮಾನು. ಹಾಡು ಹೇಳಿದ್ದೇನು, ಲೆಕ್ಚರರ್‌ಗಳ ಮಿಮಿಕ್ರಿ ಮಾಡಿದ್ದೇನು.

ಆಮೇಲೆ ಸುಗ್ಗಿ ಶುರುವಾಯ್ತು. ಸಿರುಗುಪ್ಪದ ಕಡೆಯವರಿಗೆ ಇದನ್ನ ಹೇಳಬೇಕಾಗಿಲ್ಲ. ಬೇರೆ ಊರಿಂದ ಬಂದು ಹಾಸ್ಟೆಲಲ್ಲಿರೋರಿಗೆ ಹೇಳ್ತೀವಿ. ತುಂಗಭದ್ರಾ ಕಾಲುವೆ ನೀರಿನ ಭತ್ತ, ನಮ್ಮ ಕಡೆ ನೆಲ್ಲು ಅಂತೀವಿ, ಕೊಯ್ಲಾಗೋ ಹೊತ್ತಿಗೆ ರಸ್ತೆ ರಸ್ತೆಯಾಗಿ ಇರೋದಿಲ್ಲ. ಕೊಯ್ಯೋ ಮಷಿನ್‌ಗಳು, ಮೂಟೆ ಹೇರಿದ ಲಾರಿಗಳು, ಹುಲ್ಲು ಹೇರಿದ ಟ್ರ್ಯಾಕ್ಟರ್‌ಗಳು. ಹುಲ್ಲಿನ ಟ್ರ್ಯಾಕ್ಟರ್ ಅಂದ್ರೆ ನಡೆಯೋ ಗುಡ್ಡ. ಟ್ರೇಲರ್‌ನ ಎರಡೂ ಕಡೆ ಹುಲ್ಲು ಚಾಚಿಕೊಂಡಿರುತ್ತೆ, ಹಿಂದಿನಿಂದ ನೋಡಿದ್ರೆ ಟ್ರ್ಯಾಕ್ಟರೂ ಕಾಣಲ್ಲ, ಎದುರಿಗೆ ಬರೋದೂ ಕಾಣಲ್ಲ.

ಮುಂದಿದ್ದವರು ಅಂಥದ್ದೊಂದನ್ನ ದಾಟಿ ಹೋದರು. (ಮುಂದಿದ್ದವರು ಯಾರು ಅಂತ ಬರೆಯಬಾರದು ಅಂತ ನಮ್ಮೊಳಗೆ ಒಪ್ಪಂದ ಆಗಿದೆ.) ಹಿಂದೆ ಪಲ್ಸರ್‌ನಲ್ಲಿದ್ದ ಸಿವಿಲ್ ಗೆಳೆಯ ಕೇಳಿದ, “ಬರ್ಲೇನ್ಲೇ?”

ಮುಂದಿನಿಂದ ಹೋದ ಉತ್ತರ: “ರೈಟ್‌ನಾಗ ಬಸ್ ಬರಾಕತ್ತೈತಿ, ಬರಬ್ಯಾಡ.”

ಅವನಿಗೆ ಕೇಳಿದ್ದು: “ರೈಟ್.”

ಆಮೇಲೆ ಕಿರ್ರ್ ಅಂತ ಒಂದು ಸದ್ದು, ಆಮೇಲೆ ಏನೂ ಇಲ್ಲ. ಬಸ್ಸಲ್ಲಿ ಓಡಾಡಿ ಬೆಳೆದ ನಮ್ಮೂರಿನವರಿಗೆ ‘ರೈಟ್’ ಅಂದ್ರೆ ಬಲಗಡೆ ಅಲ್ಲ. ಕಂಡಕ್ಟರ್ ‘ರೈಟ್ ರೈಟ್’ ಅಂದ್ರೆ ಬಸ್ ಹೊರಡುತ್ತೆ. ಇವನೂ ಹೊರಟ. ಹುಲ್ಲಿನ ಮರೆಯಿಂದ ಬಲಕ್ಕೆ ಬಂದವನಿಗೆ ಎದುರಿಗೆ ಬಸ್ಸಿನ ಮೂತಿ ಕಾಣಿಸ್ತು. ಬಸ್ ಡ್ರೈವರ್ ಬ್ರೇಕ್ ಹಾಕಿದ, ಇವನೂ ಹಾಕಿದ, ಮತ್ತೆ ಟ್ರ್ಯಾಕ್ಟರ್ ಹಿಂದಕ್ಕೆ ನುಗ್ಗಿದ, ಅಲ್ಲಿಂದ ಎಡಕ್ಕೆ, ಟಾರ್ ಬಿಟ್ಟು ಮೊರಂ ಮೇಲೆ. ಬಿದ್ದ. ಎಡಗೈ ಮಣಿಕಟ್ಟಿನ ಮೂಳೆ ಮುರೀತು. ಆರು ವಾರ ಪ್ಲಾಸ್ಟರ್, ಎರಡು ಲ್ಯಾಬ್ ಪರೀಕ್ಷೆ ಹೋದವು. ಅಷ್ಟಕ್ಕೇ ಮುಗಿದಿದ್ದು ನಮ್ಮ ಪುಣ್ಯ.

ಟ್ರ್ಯಾಕ್ಟರ್ ನಿಲ್ಲಿಸಿ ಒಬ್ಬ ತಾತ ಇಳಿದು ಬಂದು ಅವನನ್ನ ಎಬ್ಬಿಸಿ ಕೂಡಿಸಿದ. ಹೆಲ್ಮೆಟ್ ಬಿಚ್ಚಿ ಪಕ್ಕಕ್ಕಿಟ್ಟ. ಆಗ ಹೆಲ್ಮೆಟ್ ಒಳಗಿಂದ ಸಣ್ಣ ದನಿ ಬರ್ತಿತ್ತಂತೆ. “ಲೇ, ಕೇಳಿಸ್ತಾ? ಕೇಳಿಸ್ತೇನ್ಲೇ?” ತಾತ ಹೆಲ್ಮೆಟ್ ತಿರುಗಿಸಿ ಒಳಗೆ ನೋಡಿ, “ಇದ್ರಾಗ ಯಾರೋ ಮಾತಾಡಾಕತ್ಯಾರಲ್ಲಪ್ಪಾ” ಅಂದನಂತೆ. ಇದನ್ನ ಈಗ ನಗ್ತಾ ಹೇಳ್ತೀವಿ. ಆವತ್ತು ಯಾರೂ ನಗಲಿಲ್ಲ.

ಅವತ್ತು ರಾತ್ರಿ ಹಾಸ್ಟೆಲ್‌ನಲ್ಲಿ ತಪ್ಪು ಯಾರದು ಅಂತ ವಾದ ನಡೀತು. ಇಂಜಿನಿಯರಿಂಗ್ ಕಾಲೇಜಲ್ವಾ, ಪ್ರತಿ ಬ್ರಾಂಚ್‌ಗೂ ಒಂದೊಂದು ಉತ್ತರ. ಇಸಿ ಗೆಳತಿ ಆಂಟೆನಾ ತಪ್ಪು ಅಂದಳು. ಸಿಎಸ್‌ನವನು ಪ್ರೋಟೋಕಾಲ್ ತಪ್ಪು ಅಂದ. ಮೆಕ್ಯಾನಿಕಲ್‌ನವನು, “ಕಾಣದೇ ಇರೋ ಜಾಗದಲ್ಲಿ ಕಂಡವನ ಮಾತು ನಂಬಿ ಓವರ್‌ಟೇಕ್ ಮಾಡಿದ್ದೇ ತಪ್ಪು” ಅಂದ. ಮೂವರೂ ಸರಿ. ಆದರೆ ಮೂರನೆಯದು ಹೆಚ್ಚು ಸರಿ ಅಂತ ಈಗ ಅನ್ನಿಸುತ್ತೆ. ಇಂಟರ್‌ಕಾಮ್ ಇಲ್ಲದಿದ್ದರೆ ಅವನು ಆ ಟ್ರ್ಯಾಕ್ಟರ್‌ನ ದಾಟೋಕೆ ಹೋಗ್ತಾನೇ ಇರಲಿಲ್ಲ. ಇನ್ನೊಬ್ಬರ ಕಣ್ಣು ನಮ್ಮದೇ ಕಣ್ಣು ಅಂತ ನಂಬಿಸೋದು ಆ ಡಬ್ಬಿಯ ಗುಣ. ಅದು ಒಳ್ಳೇ ಗುಣವೂ ಹೌದು, ಕೆಟ್ಟದ್ದೂ ಹೌದು.

ಅರ್ಧ ಮಾತು ಕೇಳಿ ಕೆಟ್ಟವರು ನಾವೇ ಮೊದಲಲ್ಲ ಅಂತ ಆಮೇಲೆ ಓದಿ ತಿಳೀತು. 1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ, ಮಂಜು ಮುಸುಕಿದ ರನ್‌ವೇ ಮೇಲೆ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಡಚ್ ವಿಮಾನದ ಪೈಲಟ್‌ಗಳು ನಾವು ಟೇಕಾಫ್‌ನಲ್ಲಿದ್ದೇವೆ ಅನ್ನೋ ಅರ್ಥದ ಮಾತು ಹೇಳಿದ್ರು. ಕಂಟ್ರೋಲ್ ಟವರ್‌ನವರು ಮೊದಲು ‘ಓಕೆ’ ಅಂದು, ಸ್ವಲ್ಪ ತಡೆದು, ಕಾಯಿರಿ, ನಾನು ಕರೆಯುತ್ತೇನೆ ಅಂತ ಹೇಳಿದ್ರು. ಅದೇ ಕ್ಷಣಕ್ಕೆ ರನ್‌ವೇ ಮೇಲಿದ್ದ ಇನ್ನೊಂದು ವಿಮಾನವೂ ಅದೇ ಫ್ರೀಕ್ವೆನ್ಸಿಯಲ್ಲಿ ಮಾತಾಡ್ತು. ಎರಡೂ ಒಂದರ ಮೇಲೊಂದು ಬಿದ್ದು ಡಚ್ ಕಾಕ್‌ಪಿಟ್‌ನಲ್ಲಿ ಕೀಚಲು ಸದ್ದು ಬಂತು. ಸ್ಪಷ್ಟವಾಗಿ ಕೇಳಿದ್ದು ‘ಓಕೆ’ ಮಾತ್ರ. ಅಪಘಾತಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಅದರ ನಂತರ ವಿಮಾನಲೋಕ ತನ್ನ ಭಾಷೆಯನ್ನೇ ಬಿಗಿ ಮಾಡಿಕೊಳ್ತು. ‘ಟೇಕಾಫ್’ ಅನ್ನೋ ಪದವನ್ನ ನಿಜವಾಗಿ ಅನುಮತಿ ಕೊಡುವಾಗಲೋ ರದ್ದು ಮಾಡುವಾಗಲೋ ಬಿಟ್ಟು ಬೇರೆಲ್ಲೂ ಬಳಸಬಾರದು ಅಂತ ಆಯ್ತು. ಅವರ ಹತ್ತಿರ ರೇಡಿಯೋ ಇರಲಿಲ್ಲ ಅಂತಲ್ಲ. ಒಳ್ಳೇ ರೇಡಿಯೋನೇ ಇತ್ತು.

ಈಗ ಸಾಮಾನಿನ ವಿಷಯಕ್ಕೆ ಬರೋಣ. ಇಷ್ಟೆಲ್ಲಾ ಓದಿದವರು ಅದಕ್ಕೇ ಕಾಯ್ತಿರ್ತೀರಿ.

ನಮ್ಮಲ್ಲಿ ಹೆಚ್ಚಿನವರು ಮಾಡೋದು ಫೋನ್‌ನಲ್ಲಿ ಗ್ರೂಪ್ ಕಾಲ್, ಹೆಲ್ಮೆಟ್ ಒಳಗೆ ಇಯರ್‌ಬಡ್. ಖರ್ಚಿಲ್ಲ. ಇದಕ್ಕೆ ನಮ್ಮ ಓಟಿಲ್ಲ. ಪಕ್ಕದಲ್ಲೇ ಇರೋ ಗೆಳೆಯನಿಗೆ ಮಾತು ಟವರ್‌ಗೆ ಹೋಗಿ, ಸರ್ವರ್‌ಗೆ ಹೋಗಿ, ವಾಪಸ್ ಬರೋಷ್ಟರಲ್ಲಿ ತಡ ಆಗುತ್ತೆ, ಹೊಲದ ನಡುವೆ ನೆಟ್‌ವರ್ಕ್ ಹೋದ್ರೆ ಯಾರಿಗೆ ಯಾರೂ ಇಲ್ಲ. ಇಯರ್‌ಬಡ್ ಕಿವಿಯನ್ನ ಬಿರಡೆ ಹಾಕಿದ ಹಾಗೆ ಮುಚ್ಚುತ್ತೆ, ಹಿಂದಿನ ಲಾರಿ ಹಾರ್ನ್ ಕೇಳಲ್ಲ. ಇಂಟರ್‌ಕಾಮ್ ಸ್ಪೀಕರ್ ಕಿವಿಯ ಹೊರಗೆ, ಹೆಲ್ಮೆಟ್‌ನ ಸ್ಪಂಜಿನ ಗುಳಿಯಲ್ಲಿ ಕೂರೋದ್ರಿಂದ ಹೊರಗಿನ ಸದ್ದೂ ಬರುತ್ತೆ. ಇನ್ನು ಫೋನನ್ನ ಕೈಯಲ್ಲಿ ಹಿಡಿದರಂತೂ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್, 2019ರ ತಿದ್ದುಪಡಿ ಆದ ಮೇಲೆ ಅದು ಅಪಾಯಕಾರಿ ಚಾಲನೆ ಅಂತಲೇ ಲೆಕ್ಕ.

ಎರಡನೇ ಆಸೆ ವಾಕಿ-ಟಾಕಿ. ಸಿನಿಮಾ ನೋಡಿದವರಿಗೆಲ್ಲ ಇದರ ಮೇಲೆ ಕಣ್ಣು. ನಮ್ಮಲ್ಲೂ ಒಬ್ಬ ಐದು ವಾಟ್‌ನ ಜೋಡಿಯನ್ನ ಆನ್‌ಲೈನ್ ಕಾರ್ಟ್‌ಗೆ ಹಾಕಿ ಇಟ್ಟಿದ್ದ. ದಯವಿಟ್ಟು ಬೇಡ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ವಾಕಿ-ಟಾಕಿಗೆ ಬಿಟ್ಟುಕೊಟ್ಟಿರೋ ಜಾಗ ತುಂಬಾ ಚಿಕ್ಕದು: 2018ರ ನಿಯಮದ ಪ್ರಕಾರ 446.0ರಿಂದ 446.2 ಮೆಗಾಹರ್ಟ್ಸ್, ಅದೂ ಕಡಿಮೆ ಪವರ್‌ನಲ್ಲಿ, ಅದೂ ದೂರಸಂಪರ್ಕ ಇಲಾಖೆಯ ಮಂಜೂರಾತಿ ಪಡೆದ ಸೆಟ್ ಆಗಿದ್ರೆ. ಅಗ್ಗಕ್ಕೆ ಸಿಗೋ ಎಷ್ಟೋ ಸೆಟ್‌ಗಳು ಯಾವ ಫ್ರೀಕ್ವೆನ್ಸಿಗೆ ಬೇಕಾದ್ರೂ ತಿರುಗ್ತವೆ, ಪೊಲೀಸ್, ಆಂಬುಲೆನ್ಸ್‌ನವರ ಫ್ರೀಕ್ವೆನ್ಸಿ ಮೇಲೂ ಹೋಗಿ ಕೂರಬಹುದು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದೇ ವಿಷಯಕ್ಕೆ 13 ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ನೋಟಿಸ್ ಕೊಟ್ಟಿತು. ಅಂದ್ರೆ ‘ಆನ್‌ಲೈನಲ್ಲಿ ಸಿಗುತ್ತೆ’ ಅನ್ನೋದೂ ‘ಇಟ್ಕೋಬಹುದು’ ಅನ್ನೋದೂ ಒಂದೇ ಅಲ್ಲ. ರೇಡಿಯೋ ಅಂದ್ರೆ ನಿಜವಾಗಿ ಇಷ್ಟ ಇದ್ರೆ ಹ್ಯಾಮ್ ಪರೀಕ್ಷೆ ಬರೆಯಿರಿ, 12 ವರ್ಷ ಆದವರು ಯಾರು ಬೇಕಾದ್ರೂ ಬರೆಯಬಹುದು. ಅದು ಒಳ್ಳೇ ಹವ್ಯಾಸ, ಅದರ ಬಗ್ಗೆ ಬೇರೆ ಲೇಖನವನ್ನೇ ಬರೆಯಬೇಕು.

ಕಾನೂನು ಬಿಟ್ರೂ ವಾಕಿ-ಟಾಕಿಗೆ ಇನ್ನೊಂದು ತೊಂದರೆ ಇದೆ. ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು, ಮಾತಾಡೋಕೆ ಬಟನ್ ಒತ್ತಬೇಕು. ಒತ್ತೋ ಕೈ ಎಲ್ಲಿಂದ ಬರಬೇಕು? ಹ್ಯಾಂಡಲ್‌ನಿಂದ. ಬ್ರೇಕ್ ಹಿಡಿಯಬೇಕಾದ ಹೊತ್ತಿಗೇ ಹೇಳಬೇಕಾದ ಮಾತೂ ಇರುತ್ತೆ.

ಹಾಗಾಗಿ ಉಳಿಯೋದು ಬ್ಲೂಟೂತ್ ಅಥವಾ ಮೆಶ್ ಇಂಟರ್‌ಕಾಮ್. ಬ್ಲೂಟೂತ್ ಓಡೋದು 2.4 ಗಿಗಾಹರ್ಟ್ಸ್‌ನಲ್ಲಿ, ಲೈಸೆನ್ಸ್ ಬೇಡ. ವೈಫೈ ಕೂಡ ಅಲ್ಲೇ ಇರೋದ್ರಿಂದ ಗಲಾಟೆ ಜಾಸ್ತಿ, ಅದಕ್ಕೇ ಅದು 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗೀತಾ ಇರುತ್ತೆ. ಫ್ರೀಕ್ವೆನ್ಸಿ ಜಿಗಿಸೋ ಉಪಾಯಕ್ಕೆ 1942ರಲ್ಲಿ ಪೇಟೆಂಟ್ ತಗೊಂಡವರಲ್ಲಿ ಹೆಡಿ ಲಮಾರ್ ಅನ್ನೋ ಹಾಲಿವುಡ್ ನಟಿ ಒಬ್ಬರು, ಜಾರ್ಜ್ ಆಂಥೈಲ್ ಅನ್ನೋ ಸಂಗೀತಗಾರ ಇನ್ನೊಬ್ಬರು. ಟಾರ್ಪಿಡೋ ನಡೆಸೋ ರೇಡಿಯೋವನ್ನ ಶತ್ರುಗಳು ಕೆಡಿಸಬಾರದು ಅಂತ ಮಾಡಿದ ಉಪಾಯ ಅದು. ನಾವು ಅದರಲ್ಲಿ ಮಿಮಿಕ್ರಿ ಮಾಡ್ತಿದ್ದೀವಿ.

ಗಲಾಟೆಯನ್ನ ಜಿಗಿದು ತಪ್ಪಿಸಿಕೊಳ್ಳಬಹುದು, ಅಡ್ಡ ಬಂದ ವಸ್ತುವನ್ನ ಅಲ್ಲ. 2.4 ಗಿಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಅದಕ್ಕೆ ನೇರ ದಾರಿ ಬೇಕು. ನೀರು ಅಂದ್ರೆ ಅದಕ್ಕೆ ಆಗಲ್ಲ. ಮೈಕ್ರೋವೇವ್ ಓವನ್ ಕೆಲಸ ಮಾಡೋದೂ ಇದೇ 2.45 ಗಿಗಾಹರ್ಟ್ಸ್‌ನಲ್ಲಿ, ಅನ್ನದಲ್ಲಿರೋ ನೀರು ಆ ಶಕ್ತಿಯನ್ನ ಕುಡಿಯೋದ್ರಿಂದಲೇ ಅನ್ನ ಬಿಸಿಯಾಗೋದು. ಹಸಿ ಆರದ ಹುಲ್ಲು ತುಂಬಿದ ಟ್ರೇಲರ್, ಅದರ ಕಬ್ಬಿಣದ ತೊಟ್ಟಿ, ಅದರ ಮುಂದೆ ಟ್ರ್ಯಾಕ್ಟರ್. ನಮ್ಮ ‘1000 ಮೀಟರ್’ ಇವೆಲ್ಲದರ ಮುಂದೆ ನೂರೈವತ್ತು ಮೀಟರಿಗೇ ಉಸಿರು ಬಿಟ್ಟಿತು. ಬಾಕ್ಸ್ ಮೇಲಿನ ರೇಂಜ್ ಸುಳ್ಳು ಅಂತಲ್ಲ. ಅದು ಬಯಲಲ್ಲಿ, ಒಬ್ಬರಿಗೊಬ್ಬರು ಕಾಣೋ ಹಾಗೆ ನಿಂತು ಅಳೆದದ್ದು. ಒಬ್ಬರಿಗೊಬ್ಬರು ಕಾಣೋ ಹಾಗಿದ್ರೆ ಕೈಸನ್ನೆ ಸಾಕು, ಮಾತು ಬೇಕಾಗೋದೇ ಕಾಣದೇ ಇದ್ದಾಗ. ಅಂದ್ರೆ ಈ ಯಂತ್ರ ನಮಗೆ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಕೈ ಕೊಡೋ ಸಾಧ್ಯತೆ ಹೆಚ್ಚು. ಈ ಒಂದು ವಾಕ್ಯ ತಗೊಳ್ಳೋಕೆ ಮುಂಚೆ ಯಾರಾದ್ರೂ ನಮಗೆ ಹೇಳಿದ್ರೆ ಚೆನ್ನಾಗಿತ್ತು.

ಇನ್ನೊಂದು ಲೆಕ್ಕ. ಗಂಟೆಗೆ 60 ಕಿ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಮುಂದಿನ ಬೈಕಿಗೂ ನಮಗೂ ಎರಡು ಸೆಕೆಂಡ್ ಅಂತರ ಇಟ್ಕೊಂಡ್ರೆ 33 ಮೀಟರ್. ಐದು ಬೈಕ್ ಸಾಲಾಗಿ ಹೋದ್ರೂ ತಲೆಯಿಂದ ಬಾಲಕ್ಕೆ ನೂರಮೂವತ್ತು ಚಿಲ್ಲರೆ ಮೀಟರ್. ಎರಡು ಕಿಲೋಮೀಟರ್ ರೇಂಜ್ ಯಾಕೆ ಬೇಕು? ಅಷ್ಟು ದೂರ ಬಿದ್ದೋರಿಗೆ ಬೇಕಾಗಿರೋದು ರೇಡಿಯೋ ಅಲ್ಲ, ಮುಂದಿನ ಚಹಾ ಅಂಗಡಿಯಲ್ಲಿ ಕಾಯೋ ಗೆಳೆಯರು.

ಮೆಶ್ ಒಳ್ಳೇದು, ಅದರಲ್ಲಿ ಎರಡು ಮಾತಿಲ್ಲ. ಸಾಮಾನ್ಯ ಬ್ಲೂಟೂತ್ ಸರಪಳಿ ಇದ್ದ ಹಾಗೆ, ನಡುವಿನವನು ಪೆಟ್ರೋಲ್ ಹಾಕಿಸೋಕೆ ನಿಂತ್ರೆ ಆ ಕಡೆಯವರಿಗೂ ಈ ಕಡೆಯವರಿಗೂ ಸಂಬಂಧ ಕಡಿಯುತ್ತೆ. ಮೆಶ್ ಬಲೆ ಇದ್ದ ಹಾಗೆ, ಒಂದು ಗಂಟು ಬಿಚ್ಚಿದ್ರೂ ಮಾತು ಬೇರೆ ದಾರಿ ಹುಡುಕಿಕೊಳ್ಳುತ್ತೆ. ಟ್ರ್ಯಾಕ್ಟರ್ ಅಡ್ಡ ಬಂದ್ರೂ, ಅದರ ಪಕ್ಕದಲ್ಲಿ ನಮ್ಮವರ ಇನ್ನೊಂದು ಬೈಕ್ ಇದ್ರೆ ಅದರ ಮೂಲಕ ಸುತ್ತಿ ಬರಬಹುದು. ಆದರೆ ಕಾರ್ಡೊ, ಸೇನಾ ಥರದ ಕಂಪನಿಗಳ ಮೆಶ್ ಸೆಟ್ ಒಂದಕ್ಕೇ ನಮ್ಮ ಒಂದು ಸೆಮಿಸ್ಟರ್ ಹಾಸ್ಟೆಲ್ ಖರ್ಚು ಹೋಗುತ್ತೆ, ಮತ್ತೆ ಒಂದು ಕಂಪನಿಯ ಮೆಶ್ ಸಾಮಾನ್ಯವಾಗಿ ಇನ್ನೊಂದರ ಮೆಶ್ ಜೊತೆ ಮಾತಾಡಲ್ಲ. ಗುಂಪಿನವರೆಲ್ಲ ಒಂದೇ ಕಂಪನಿಯದು ತಗೋಬೇಕು. ಅಪ್ಪನ ದುಡ್ಡಲ್ಲಿ ಇದನ್ನ ತಗೋಬೇಡಿ ಅಂತಷ್ಟೇ ನಮ್ಮ ಸಲಹೆ. ಸ್ವಂತ ದುಡ್ಡು ಬಂದ ಮೇಲೆ ನೋಡೋಣ.

ಹಾಗಾದ್ರೆ ನಾವು ಎರಡನೇ ಸಲ ತಗೊಳ್ತಿರೋದು ಏನು? ಒಂದೇ ಕಂಪನಿಯ, ಒಂದೇ ಮಾಡೆಲ್‌ನ ಮೂರು ಸಾದಾ ಬ್ಲೂಟೂತ್ ಸೆಟ್. ಮುಂದಿನವರಿಗೊಂದು, ಕೊನೆಯವರಿಗೊಂದು, ಮೊದಲ ಸಲ ನಮ್ಮ ಜೊತೆ ಬರೋರಿಗೊಂದು. ಐದೂ ಜನಕ್ಕೆ ಬೇಡ. ಐದು ಜನ ಒಟ್ಟಿಗೆ ಮಾತಾಡಿದ್ರೆ ಅದು ಕ್ಯಾಂಟೀನ್. ತಗೊಳ್ಳುವಾಗ ನೋಡೋದು ಮೂರು ವಿಷಯ. ಲಿಂಕ್ ಹೋದ ತಕ್ಷಣ ‘ಟುಂಯ್’ ಅಂತ ಸದ್ದು ಮಾಡಿ ಹೇಳುತ್ತಾ? ನಮ್ಮ ಹಳೇದು ಸುಮ್ಮನೆ ಸಾಯ್ತಿತ್ತು, ಸುಮ್ಮನಿದ್ದಾರೋ ಸತ್ತಿದೆಯೋ ಅಂತ ಗೊತ್ತೇ ಆಗ್ತಿರಲಿಲ್ಲ. ಗ್ಲೌಸ್ ಹಾಕಿದ ಕೈಗೆ ಬಟನ್ ಸಿಗುತ್ತಾ? ಗಾಳಿಯಲ್ಲಿ ಮಾತು ಕೇಳುತ್ತಾ? ಕೊನೆಯದನ್ನ ಅಂಗಡಿಯಲ್ಲಿ ನಿಂತು ಕೇಳಿದ್ರೆ ಗೊತ್ತಾಗಲ್ಲ. ನೂರರ ವೇಗದಲ್ಲಿ ಹೆಲ್ಮೆಟ್ ಒಳಗಿನ ಗಾಳಿ ಸದ್ದೇ 90 ಡೆಸಿಬೆಲ್ ದಾಟುತ್ತೆ. ಅಂಗಡಿಯವರು ಬಿಟ್ರೆ ಒಂದು ರೌಂಡ್ ಓಡಿಸಿ ನೋಡಿ, ಬಿಡದಿದ್ರೆ ಯಾರದ್ದಾದ್ರೂ ಸಾಲ ತಂದು ನೋಡಿ. ಐಎಸ್‌ಐ ಮಾರ್ಕಿನ ಹೆಲ್ಮೆಟ್‌ಗೆ ತೂತು ಕೊರೆಯೋದು, ಒಳಗಿನ ಥರ್ಮಾಕೋಲ್ ಕೆತ್ತೋದು ಮಾತ್ರ ಮಾಡಬೇಡಿ, ಜೀವ ಉಳಿಸೋದು ಆ ಥರ್ಮಾಕೋಲೇ. ಮತ್ತೆ ನಮ್ಮ ಬಳ್ಳಾರಿ ಬಿಸಿಲಿಗೆ ಹೆಲ್ಮೆಟ್‌ನ ಟ್ಯಾಂಕ್ ಮೇಲೆ ಬಿಟ್ಟು ಕ್ಲಾಸಿಗೆ ಹೋಗಬೇಡಿ. ಲಿಥಿಯಂ ಬ್ಯಾಟರಿಯನ್ನ 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು. ಏಪ್ರಿಲ್‌ನಲ್ಲಿ ಪಾರ್ಕಿಂಗ್‌ನಲ್ಲಿರೋ ಕಪ್ಪು ಡಬ್ಬಿಯ ಬಿಸಿ ಎಷ್ಟಿರುತ್ತೆ ಅಂತ ಮುಟ್ಟಿ ನೋಡಿದವರಿಗೆ ಗೊತ್ತು.

ಸಾಮಾನಿನ ಮಾತು ಇಲ್ಲಿಗೆ ಮುಗೀತು. ನಾವು ನಿಜವಾಗಿ ತಲೆ ಕೆಡಿಸಿಕೊಂಡಿದ್ದು ಇದರ ನಂತರದ್ದಕ್ಕೆ.

ಮೊದಲ ತೀರ್ಮಾನ: ಇಂಟರ್‌ಕಾಮ್‌ನಲ್ಲಿ ‘ರೈಟ್’ ಅನ್ನೋ ಪದ ಬಂದ್. ಅದಕ್ಕೆ ಬಲಗಡೆ, ಸರಿ, ಹೊರಡು ಅಂತ ಮೂರು ಅರ್ಥ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ‘ಎಡ’, ‘ಬಲ’ ಅನ್ನೋಕೆ ಒಂದು ಕ್ಷಣ ಯೋಚಿಸಬೇಕು, ನಾಚಿಕೆ ಬಿಟ್ಟು ಹೇಳ್ತೀವಿ. ಪ್ರ್ಯಾಕ್ಟೀಸ್ ಮಾಡಿದ್ವಿ.

ಎರಡನೇದು ಕನ್ನಡದ್ದೇ ಸಮಸ್ಯೆ. ನಮ್ಮ ಭಾಷೆಯಲ್ಲಿ ‘ಬೇಡ’ ಅನ್ನೋದು ಬಾಲದಲ್ಲಿ ಇರುತ್ತೆ. ‘ಬರಬ್ಯಾಡ’ದಲ್ಲಿ ಬಾಲ ಕತ್ತರಿಸಿದ್ರೆ ‘ಬರ’ ಉಳಿಯುತ್ತೆ. ‘ಹೋಗಬ್ಯಾಡ’ದಲ್ಲಿ ‘ಹೋಗ’ ಉಳಿಯುತ್ತೆ. ಅರ್ಧ ಕೇಳಿದ್ರೆ ಅರ್ಥ ಪೂರ್ತಿ ಉಲ್ಟಾ. ಹಳಗನ್ನಡ, ಸಂಧಿ, ಸಮಾಸ ಅಂತ ಕ್ಲಬ್‌ನಲ್ಲಿ ಎಷ್ಟೋ ಚರ್ಚೆ ಮಾಡಿದ್ದೀವಿ, ಆದರೆ ಕನ್ನಡದ ವ್ಯಾಕರಣ ಒಬ್ಬನ ಕೈ ಮುರಿಯಬಹುದು ಅಂತ ಯಾರೂ ಹೇಳಿರಲಿಲ್ಲ. ಹಾಗಾಗಿ ‘ಬೇಡ’ ಕೂಡ ಬಂದ್. ನಿಲ್ಲಿಸೋಕೆ ‘ತಡಿ’. ಬರೋಕೆ ಮೊದಲು ‘ಬಾ’ ಅಂತ ಇಟ್ಟಿದ್ವಿ. ಕಾಲೇಜ್ ಗ್ರೌಂಡ್‌ನಲ್ಲಿ ಹೆಲ್ಮೆಟ್ ಹಾಕ್ಕೊಂಡು ನಡೆದಾಡಿ ಟೆಸ್ಟ್ ಮಾಡುವಾಗ (ಸೆಕ್ಯೂರಿಟಿ ಅಣ್ಣ ಬಂದು, “ಏನ್ರಪ್ಪಾ, ರ‍್ಯಾಗಿಂಗಾ?” ಅಂತ ವಿಚಾರಿಸಿದರು) ಇಸಿ ಗೆಳತಿ ಹಿಡಿದಳು: ‘ಬಲ’ ಅರ್ಧಕ್ಕೆ ಕತ್ತರಿಸಿದ್ರೆ ‘ಬ’, ಅದು ‘ಬಾ’ ಥರಾನೇ ಕೇಳುತ್ತೆ! ಕೋಡ್‌ಗಳು ಒಂದಕ್ಕೊಂದು ದೂರ ಇರಬೇಕು ಅಂತ ಅವಳ ಸಿಲೆಬಸ್‌ನಲ್ಲೇ ಇದೆಯಂತೆ. ಕೊನೆಗೆ ‘ಖಾಲಿ’ ಅಂತ ಆಯ್ತು. ರೋಡ್ ಖಾಲಿ ಇದೆ ಅಂತ. ಖಾಲಿ, ತಡಿ, ಎಡ, ಬಲ. ನಾಲ್ಕೇ ಮಾತು, ನಾಲ್ಕೂ ಬೇರೆ ಬೇರೆ ಅಕ್ಷರದಿಂದ ಶುರು.

ಆದರೂ ಒಂದು ಉಳಿದಿತ್ತು. ಕೆಲವು ಸೆಟ್‌ಗಳು ನಾವು ಬಾಯಿ ಬಿಟ್ಟ ಮೇಲೆ ಎಚ್ಚರ ಆಗ್ತವೆ, ಮೊದಲ ಅಕ್ಷರವನ್ನೇ ನುಂಗ್ತವೆ. ‘ತಡಿ’ಯ ‘ಡಿ’ಯಷ್ಟೇ ಬಂದ್ರೆ? ಇದಕ್ಕೆ ಉತ್ತರ ಕೊಟ್ಟಿದ್ದು ಇಂಜಿನಿಯರ್‌ಗಳಲ್ಲ, ಬಸ್ ಕಂಡಕ್ಟರ್‌ಗಳು. ಗಮನಿಸಿದ್ದೀರಾ? ಒಂದು ಸೀಟಿ ಹೊಡೆದ್ರೆ ನಿಲ್ಲಿಸು. ಎರಡು ಹೊಡೆದ್ರೆ ಹೊರಡು. ಅವರು ‘ರೈಟ್’ ಅನ್ನೋದೂ ಒಂದು ಸಲ ಅಲ್ಲ, ‘ರೈಟ್ ರೈಟ್’. ಈಗ ಎರಡು ಸೀಟಿಯಲ್ಲಿ ಒಂದು ಗಲಾಟೆಯಲ್ಲಿ ಮುಳುಗಿ ಹೋಯ್ತು ಅಂತಿಟ್ಕೊಳ್ಳಿ. ಡ್ರೈವರ್‌ಗೆ ಕೇಳೋದು ಒಂದು. ಅವನು ನಿಲ್ಲಿಸ್ತಾನೆ. ತಪ್ಪು ಕೇಳಿದ್ರೂ ಬಸ್ ನಿಲ್ಲುತ್ತೆ, ಹೊರಡಲ್ಲ. ಫುಟ್‌ಬೋರ್ಡ್ ಮೇಲೆ ಒಂದು ಕಾಲಿಟ್ಟ ಅಜ್ಜಿ ಉಳಿಯೋದು ಹೀಗೆ. ನಾವು ನಾಲ್ಕು ವರ್ಷ ಓದಿ ಫೇಲ್-ಸೇಫ್ ಅಂತ ಬರೆಯೋದನ್ನ ಅವರು ಬಾಯಲ್ಲಿ ಸೀಟಿ ಇಟ್ಕೊಂಡು ದಿನಾ ಮಾಡ್ತಿದ್ದಾರೆ. ನಾವೂ ಅದನ್ನೇ ಎತ್ತಿಕೊಂಡ್ವಿ. ‘ಖಾಲಿ ಖಾಲಿ’ ಅಂತ ಎರಡು ಸಲ ಕೇಳಬೇಕು. ಒಂದೇ ಕೇಳಿದ್ರೆ ಅದಕ್ಕೆ ‘ತಡಿ’ ಅಂತಲೇ ಅರ್ಥ. ಏನೂ ಕೇಳದಿದ್ರೂ ‘ತಡಿ’. ಎರಡು ಸಲ ಕೇಳಿದ ಮೇಲೂ ನಮ್ಮ ಕಣ್ಣಿಗೆ ರೋಡ್ ಕಾಣೋವರೆಗೂ ಗೆರೆ ದಾಟೋ ಹಾಗಿಲ್ಲ. ಇದು ಮೆಕ್ಯಾನಿಕಲ್‌ನವನು ಸೇರಿಸಿದ ಕಲಮು, ಅವನ ಮುಂದೆ ವಾದ ನಡೆಯಲ್ಲ.

ಮನೆಗಳಲ್ಲಿ ಮಾತ್ರ ವಾದ ಇನ್ನೂ ಮುಗಿದಿಲ್ಲ. ಸಿವಿಲ್ ಗೆಳೆಯನ ಅಪ್ಪ ಕೇಳಿದ್ದು ಒಂದೇ ಮಾತು: “ಗಾಡಿ ಹೊಡಿಯುವಾಗ ಏನಪ್ಪಾ ಮಾತು ನಿಮ್ದು? ನಿಂತು ಮಾತಾಡಿದ್ರೆ ಯಾರು ಬ್ಯಾಡ ಅಂತಾರ?” ನಮಗೆ ಉತ್ತರ ಇರಲಿಲ್ಲ. ಅವರ ಮಾತಲ್ಲಿ ಸತ್ಯ ಇದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಜೊತೆಗಾರರು 2001ರಲ್ಲೇ ತೋರಿಸಿದ್ದಾರೆ, ಫೋನ್ ಕೈಯಲ್ಲಿದ್ರೂ ಒಂದೇ, ಹ್ಯಾಂಡ್ಸ್-ಫ್ರೀ ಆದ್ರೂ ಒಂದೇ, ಗಮನ ಕದಿಯೋದು ಮಾತುಕತೆ. ಆದರೆ ಅದೇ ಗುಂಪಿನವರು 2008ರಲ್ಲಿ ಇನ್ನೊಂದನ್ನೂ ತೋರಿಸಿದ್ರು: ಕಾರಲ್ಲಿ ಪಕ್ಕ ಕೂತವರ ಜೊತೆಗಿನ ಮಾತು ಫೋನ್ ಮಾತಿನಷ್ಟು ಕೆಡಿಸಲ್ಲ, ಯಾಕಂದ್ರೆ ಅವರೂ ಅದೇ ರಸ್ತೆ ನೋಡ್ತಿರ್ತಾರೆ, ಗಾಡಿ ಜಾಸ್ತಿಯಾದಾಗ ತಾವೇ ಸುಮ್ಮನಾಗ್ತಾರೆ. ಇಂಟರ್‌ಕಾಮ್‌ನ ಪರವಾಗಿ ನಾವು ಹೇಳಬಹುದಾದ ಒಂದೇ ಮಾತು ಇದು. ಆ ಕಡೆ ಇರೋನು ಅದೇ ಟ್ರ್ಯಾಕ್ಟರ್ ನೋಡ್ತಿದ್ದಾನೆ. ಆದರೆ ಅದೇ ಡಬ್ಬಿಗೆ ಮನೆಯಿಂದ ಕಾಲ್ ಬಂದ್ರೆ, ಹಾಡು ಹಾಕಿದ್ರೆ, ಆ ವಾದವೂ ಬಿದ್ದು ಹೋಗುತ್ತೆ. ಹಾಗಾಗಿ ಹೊಸ ಸೆಟ್‌ಗಳನ್ನ ಫೋನ್ ಜೊತೆ ಪೇರ್ ಮಾಡಲ್ಲ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೀವಿ. ಮಿಮಿಕ್ರಿ ತೆಕ್ಕಲಕೋಟೆಯಲ್ಲಿ ಮಿರ್ಚಿ ತಿನ್ನುವಾಗ ಮಾತ್ರ.

ಪ್ಲಾಸ್ಟರ್ ಬಿಚ್ಚಿ, ಕೈ ಸರಿಯಾಗಿದೆ ಅಂತ ಡಾಕ್ಟರ್ ಹೇಳಿದ ಮೇಲೆ, ಬಾಕಿ ಉಳಿದಿದ್ದ ಕುರುಗೋಡಿಗೆ ಹೋದ್ವಿ. ಸೆಟ್ ಸೀನಿಯರ್ ಒಬ್ಬರದು, ಒಂದು ದಿನಕ್ಕೆ ಸಾಲ. ಸಿವಿಲ್ ಗೆಳೆಯ ಈ ಸಲ ಮುಂದೆ, ನಾವು ಹಿಂದೆ. ಕುರುಗೋಡು ಹತ್ತಿರ ಆಗ್ತಿದ್ದ ಹಾಗೆ ಬಂಡೆಗುಡ್ಡಗಳು ಶುರುವಾಗ್ತವೆ. ಅವನು ತಿರುವು ದಾಟಿ ಕಾಣೆಯಾದ. ನಮ್ಮ ಮುಂದೆ ಮೆಣಸಿನಕಾಯಿ ಚೀಲ ಹೇರಿದ ಒಂದು ಲಗೇಜ್ ಆಟೋ, ತೆವಳ್ತಾ ಇತ್ತು, ಘಾಟಿಗೆ ಹೆಲ್ಮೆಟ್ ಒಳಗೇ ಸೀನು.

“ಖಾಲಿ,” ಅಂತ ಕೇಳ್ತು. ಆಮೇಲೆ ಟುಂಯ್.

ಎದುರಿಗೆ ಏನೂ ಇಲ್ಲ ಅಂತ ನಮಗೆ ಹೆಚ್ಚುಕಡಿಮೆ ಗೊತ್ತಿತ್ತು. ಆಟೋ ಹಿಂದೇನೇ ಸೀನುತ್ತಾ ಹೋದ್ವಿ. ಊರು ಸೇರೋ ಹೊತ್ತಿಗೆ ಅವನು ಗುಡಿ ಮುಂದೆ ಬೈಕ್ ನಿಲ್ಲಿಸಿ, ಕಾಯಿ ಒಡೆಸಿಕೊಂಡು ಬಂದು, ಅರ್ಧ ಹೋಳು ತಿಂದು ಮುಗಿಸಿದ್ದ. “ಎಷ್ಟೊತ್ಲೇ? ಎರಡು ಸಲ ಅಂದ್ನೆಲ್ಲಾ!” ಅಂದ. ನಮಗೆ ಒಂದೇ ಕೇಳಿದ್ದು ಅಂದ್ವಿ. ಅವನು ಮತ್ತೇನೂ ಕೇಳಲಿಲ್ಲ, ಉಳಿದ ಹೋಳು ಮುರಿದು ಕೊಟ್ಟ.